ಕರಿ ಕಾಲಿನ ಹಕ್ಕಿಗೆ ಶಾಂತಕ್ಕ ಹೇಳಿದ ಹೆಸರು

ಇನ್ನೂ ನಂಬಾಕ ಆಗವಲ್ದು...
ಮುಂಜಾನಿ ಪ್ರೇಯರ್ ನಡದಾಗ ಹೆಡ್‌ಮಾಸ್ಟರಿಗಿ ಫೋನ್ ಬಂತು. ನನ್ನ ಬಾಜೂಕ ಕರದು ಹೇಳಿದ್ರು.
"ಶಾಂತಾ ಟೀಚರ್ ಹೋಗಿಬಿಟ್ರಂತ. ಬ್ರೇನ್ ಸ್ಟ್ರೋಕ್. ಕಲಬುರಗಿಗಿ ಒಯ್ಯೂ ಹಾದ್ಯಾಗ..."
"ಇಲ್ರಿ ಸರ್, ನಿನ್ನಿ ಸಂಜಿ ನನಗ ಮೆಸೇಜ್ ಮಾಡ್ಯಾರಲ್ರಿ" ಅಂದೆ.
ಅಕ್ಕನ ನಂಬರಿಗಿ ಮೂರು ಸಲ ಹಚ್ಚಿದೆ...
ಯಾರೂ ಎತ್ತಲಿಲ್ಲ.

ಗೊತ್ತಿಲ್ಲದವರಿಗಿ ಹೇಳ್ತೀನಿ.
ಶಾಂತಕ್ಕ ನಮ್ಮ ಹುಣಸಗಿ ಹೈಸ್ಕೂಲಿನ ಸೈನ್ಸ್ ಟೀಚರ್. ನಾನು ಅಲ್ಲೇ ಕನ್ನಡ ಮಾಸ್ತರ.
ಚಳಿಗಾಲ ಬಂತಂದ್ರ ರವಿವಾರ ಸ್ಕೂಟಿ ಹತ್ತಿ ಕೆರಿ ದಂಡಿಗಿ, ಕೆನಾಲ್ ಕೆಳಗಿನ ಭತ್ತದ ಗದ್ದಿಗಿ ಹೋಗೋರು. ಎಲ್ಲೋ ದೂರದ ಉತ್ತರದಿಂದ ಹಾರಿ ಬರೂ ಗುಬ್ಬಿಯಷ್ಟು ಹಕ್ಕಿ ನೋಡಾಕ...
ನನ್ನೂ ಎಳಕೊಂಡು ಹೋದ್ರು.
ನನಗ ಎಲ್ಲಾ ಒಂದೇ ಕಾಣತಿದ್ವು.

"ತಮ್ಮಾ, ಮೊದಲ ಕಾಲು ನೋಡು. ಕರಿ ಇದ್ರ ಲಿಟಲ್ ಸ್ಟಿಂಟ್. ಹಳದಿ ಇದ್ರ ಟೆಮಿಂಕ್ಸ್ ಸ್ಟಿಂಟ್."
"ಕಾಲಿಗಿ ಕೆಸರು ಹತ್ತಿದ್ರ?"
"ನಡಿಗಿ ನೋಡು. ಲಿಟಲ್ ಗಡಿಬಿಡಿ ಮಾಡಿ ಓಡ್ತದ, ಎದಿ ಬೆಳ್ಳಗ. ಟೆಮಿಂಕ್ಸ್ ಬಗ್ಗಿಕೊಂಡು ಮೆಲ್ಲಕ ಹೋಗ್ತದ, ಎದಿ ಮಾಸಲು."

ಒಮ್ಮೊಮ್ಮೆ ಬೇಕಂತಲೇ ತಪ್ಪು ಹೆಸರು ಹೇಳಿ ನನ್ನ ಪರೀಕ್ಷಾ ಮಾಡೋರು.

ನಿನ್ನಿ ಅವರ ಸಂಗಾಟ ನಾ ಹೋಗಿರಲಿಲ್ಲ. ಪೇಪರ್ ತಿದ್ದೂದಿತ್ತು.
ಸಂಜಿಗಿ ಸುರಪುರದ ಕಡಿಗಿ ಹೋಗಿದ್ದ ಅಕ್ಕನಿಂದ ಒಂದು ಫೋಟೋ, ಒಂದು ವಾಯ್ಸ್ ಮೆಸೇಜ್ ಬಂತು.
ಫೋಟೋದಾಗ ಒಂದೇ ಹಕ್ಕಿ. ಕಾಲಿಗಿ ಕೆಸರಿಲ್ಲ... ಕರಿ ಕಾಲು. ಎದಿ ಬೆಳ್ಳಗ.
"ಟೆಮಿಂಕ್ಸ್ ಸಿಕ್ತು ನೋಡು ತಮ್ಮಾ" ಅಂದಿದ್ರು.
ಪರೀಕ್ಷಾ ಮಾಡಾಕತ್ತಾರ ಅನಕೊಂಡೆ.
ನಗೂ ಇಮೋಜಿ ಹಾಕಿ, "ಈ ಸಲ ನಾ ಮೋಸ ಹೋಗಂಗಿಲ್ರಿ ಅಕ್ಕಾ" ಅಂತ ಬರದು ಫೋನ್ ಬದಿಗಿಟ್ಟೆ.

ಅಕ್ಕಾ...
ನಿಮ್ಮ ಆ ಮೆಸೇಜ್ ಮುಂಜಾನಿಂದ ಎಷ್ಟು ಸಲ ಕೇಳೀನೋ.
ಕಡೀ ಮಾತು ತೊದಲಿದಂಗ ಕೇಳ್ತದ...
ಮತ್ತ ಹಚ್ಚಿದ್ರ ಬರೇ ಗಾಳಿ ಸಪ್ಪಳ ಅನಸ್ತದ.
ಸ್ಟ್ರೋಕ್ ಆಗಲೇ ಶುರು ಆಗಿತ್ತೇನು?
ನೀವು ಆ ಹಕ್ಕಿ ಹೆಸರು ತಪ್ಪೋರಲ್ಲ... ಒಂದು ಫೋನ್ ಹಚ್ಚಿ ಕೇಳಬೇಕಿತ್ತು ನಾನು.
ಯಾಕ ಕೇಳಲಿಲ್ಲ...

ಈಗ ಅರ್ಧಾ ತಾಸಿನ ಹಿಂದ ಅಕ್ಕನ ಗಂಡ ಫೋನ್ ಮಾಡಿದ್ರು.
ತಡಕೊಳ್ಳಾಕ ಆಗಲಿಲ್ಲ, ಎಲ್ಲಾ ಹೇಳಿಬಿಟ್ಟೆ. "ನನಗ ಗೊತ್ತಾಗಬೇಕಿತ್ರಿ ಅಣ್ಣಾ" ಅಂದೆ.
ಅವರಂದ್ರು:
"ಮನಿಗಿ ಬಂದು ಆಕಿ ನನ್ನ ತನ್ನ ತವರಿನ ತಮ್ಮನ ಹೆಸರಿಲೆ ಕರದಳ್ರಿ ಮಾಸ್ತರ. ನಾನೂ ನಕ್ಕೆ. ಬಿಸಲಾಗ ತಿರಗಿ ದಣದಾಳ ಅಂತ ಚಾ ಮಾಡಿ ಕೊಟ್ಟೆ. ಕೈಯಾಗಿನ ಕಪ್ ಬಿತ್ತು, ಆವಾಗ ತಿಳೀತು..."
ಮ್ಯಾಲ ಅವರೇ ಅಂದ್ರು:
"ಸಂಜಿಗಿ ಮಣ್ಣು ಮಾಡೂದು ಅದ, ಬರ್ರಿ. ಆ ಮೆಸೇಜ್ ಮಾತ್ರ ಅಳಿಸಬ್ಯಾಡ್ರಿ. ಆಕಿ ದನಿ ನನಗ ಬೇಕು."

ಹೊಂಟೀನಿ... ಬಸ್‌ಸ್ಟ್ಯಾಂಡಿನ್ಯಾಗ ಕುಂತು ಇದು ಬರ್ಯಾಕತ್ತೇನಿ.
ಆ ಮೆಸೇಜ್ ಅವರ ಮುಂದ ಹ್ಯಾಂಗ ಹಚ್ಚಿ ಕೇಳಸಲಿ, ತಿಳೀವಲ್ದು.

ಗೆಳೆಯರೇ, ನಿಮ್ಮ ಮಂದ್ಯಾಗ ಯಾರರೆ ಗೊತ್ತಿದ್ದ ಹೆಸರು ಒಮ್ಮಿಗೇ ತಪ್ಪಿದ್ರ ನಗಬ್ಯಾಡ್ರಿ. ಎದ್ದು ದವಾಖಾನಿಗಿ ಕರಕೊಂಡು ಹೋಗ್ರಿ.

ಹೋಗಿ ಬರ್ರಿ ಅಕ್ಕಾ...
ನಿಮ್ಮ ಜೀವ ತಣ್ಣಗಿರಲಿ. 🙏