ಬೊಂಬೆಯವನ ಬೆರಳು

ನಿಜಾಮರ ಕಾಲದ ಮಾತು. ನಾನಾಗ ಔಷಧದ ಪೆಟ್ಟಿಗೆ ಹಿಡಿದು ಕೊಪ್ಪಳದ ಸುತ್ತಿನ ಹಳ್ಳಿ ತಿರುಗುತ್ತಿದ್ದ ಕಂಪೌಂಡರ್. ಒಂದೂರಲ್ಲಿ ಮರದ ಬೊಂಬೆ ಮಾಡುವ ಮುದುಕನೊಬ್ಬ ನನ್ನ ಮುಂದೆ ಕೈ ಚಾಚಿದ.

"ಬೆರಳ ತುದಿ ಜುಮ್ ಜುಮ್ ಅಂತಾವ್ರಿ. ಒಮ್ಮೊಮ್ಮೆ ಮುಟ್ಟಿದ್ದ ಗೊತ್ತಾಗೂದಿಲ್ಲ. ದೊಡ್ಡ ರೋಗ ಏನ್ರಿ?"

ಕುಷ್ಠ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಕಣ್ಣು ಮುಚ್ಚಿಸಿ ಕೋಳಿಗರಿಯಿಂದ ಮೈಯೆಲ್ಲ ಸವರಿ ನೋಡಿದೆ. ಸ್ಪರ್ಶವಿಲ್ಲದ ಮಚ್ಚೆ ಎಲ್ಲೂ ಇರಲಿಲ್ಲ. ಸಕ್ಕರೆ ಕಾಯಿಲೆಯೋ, ಕತ್ತಿನ ನರ ಹಿಡಿದಿದೆಯೋ ಎಂದು ನಾನು ಒಂದೊಂದೇ ಕೇಳುತ್ತಿದ್ದರೆ, ಅವನು ಗಿಣಿ ಬೊಂಬೆಗೆ ಹಳದಿ ಹಚ್ಚುತ್ತಲೇ ಉತ್ತರ ಕೊಡುತ್ತಿದ್ದ. ಕುಂಚ ಬಣ್ಣಕ್ಕೆ ಅದ್ದುವುದು, ತುದಿ ಚೂಪಾಗಲೆಂದು ತುಟಿಯಲ್ಲಿಟ್ಟು ಎಳೆಯುವುದು.

"ಅಜ್ಜಾ, ಅದು ಯಾವ ಬಣ್ಣ?"

"ಹರತಾಳ ರೀ."

ಹರತಾಳದಲ್ಲಿ ಇರುವುದೇ ಪಾಷಾಣ! "ಅದು ವಿಷ, ಬಾಯಿಗಿಡಬ್ಯಾಡ!" ಎಂದು ಕೂಗಿ, ಇನ್ನೂ ಹಸಿಯಿದ್ದ ಗಿಣಿಯನ್ನು ಅವನ ಕೈಯಿಂದ ಕಸಿದುಕೊಂಡೆ.

"ಮೂವತ್ತು ವರ್ಷದಿಂದ ನೆಕ್ಕಾಕತ್ತೀನ್ರಿ. ನೆಕ್ಕದಿದ್ರ ಗಿಣಿಗೆ ಕಣ್ಣು ಮೂಡೂದಿಲ್ಲ."

ಇವನಿಗೆ ಹೇಳಿ ಉಪಯೋಗವಿಲ್ಲ, ದೊಡ್ಡ ಡಾಕ್ಟರಿಗೆ ಬರೆದಿಡೋಣವೆಂದು ಗಿಣಿಯನ್ನು ಕೆಳಗಿಟ್ಟು, ರೂಢಿಯಂತೆ ಸರಸರನೆ ರಿಜಿಸ್ಟರಿನ ಹಾಳೆ ತಿರುವತೊಡಗಿದೆ. ಮುದುಕ ನನ್ನನ್ನೇ ದಿಟ್ಟಿಸುತ್ತಿದ್ದ.

"ನೀವು ಯಾವಾಗಿಂದ ನೆಕ್ಕಾಕತ್ತೀರಿ, ಸಾಹೇಬ್ರ?"

ನಾಲಗೆಗೆ ಮುಟ್ಟಿಸಿದ್ದ ಬೆರಳನ್ನು ತೆಗೆದು ನೋಡಿದೆ. ತುದಿ ಹಳದಿಯಾಗಿತ್ತು. ಅವನ ಬೆರಳಿಗೆ ಮೂವತ್ತು ವರ್ಷ ಬೇಕಾಗಿತ್ತು. ನನ್ನದು ಅಲ್ಲೇ ಜುಮ್ ಅನ್ನತೊಡಗಿತು.