ಸೈಕಲ್ಲಿಗೆ ಉಡದಾರ

ಅಪ್ಪ ಸೈಕಲ್ಲಿನಿಂದ ಬಿದ್ದ ಕಥೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಇಳಿಜಾರಿನಲ್ಲಿ ಸೈಕಲ್ಲು ನಟ್ಟನಡುವೆ ಮಡಚಿಕೊಂಡಿತು, ಅಪ್ಪ ಬಿದ್ದರು, ಆದರೆ ಆಯಿ ಅದಕ್ಕೆ ಕಟ್ಟಿದ್ದ ಕರಿ ಉಣ್ಣೆಯ ದಾರ ಅವರನ್ನು ಕಾಪಾಡಿತು. ಇಲ್ಲದಿದ್ದರೆ ಮುಂಗೈಯಲ್ಲ, ತಲೆಯೇ ಒಡೆಯುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ನೋಡಲು ಬಂದವರಿಗೆಲ್ಲ ಇಷ್ಟು ಹೇಳಿ, ಚಹಾ ಕೊಟ್ಟು ಕಳಿಸಲಾಯಿತು. ನನ್ನ ಪ್ರಶ್ನೆ ಸಣ್ಣದು: ಕಾಪಾಡುವ ದಾರ ಇದ್ದ ಮೇಲೆ ಸೈಕಲ್ಲು ಮಡಚಿಕೊಂಡಿದ್ದಾದರೂ ಯಾಕೆ? ಬಾಯಿ ತೆರೆದರೆ ಸಾಕು, "ನಿನ್ನ ಡಿಬೇಟ್ ಕಾಲೇಜಿನಾಗ ಇಟಗೊ" ಎನ್ನುತ್ತಾಳೆ ಅವ್ವ. ಮೂರು ವರ್ಷ ವಾದಸ್ಪರ್ಧೆಗಳಿಗೆ ಓಡಾಡಿದ ತಪ್ಪಿಗೆ, ನಾನು ಉಪ್ಪು ಎಲ್ಲಿದೆ ಎಂದು ಕೇಳಿದರೂ ಅದು ವಾದ ಎಂದೇ ಲೆಕ್ಕ.

ಆದರೂ ಇದನ್ನು ಬಿಡಲಾರೆ, ಯಾಕೆಂದರೆ ಆ ಸೈಕಲ್ಲನ್ನು ಆರಿಸಿದವಳು ನಾನು.

ಅಪ್ಪ ಮಹಾರಾಷ್ಟ್ರದ ಗಡಿಯೊಳಗಿನ ಜತ್ತದಲ್ಲಿ ಕನ್ನಡ ಶಾಲೆಯ ಮಾಸ್ತರರು. ಕಳೆದ ವರ್ಷ ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ದಿನಾ ನಡೆಯಿರಿ ಎಂದರು. ಅದು ನಾಲ್ಕು ದಿನವೂ ಸಾಗಲಿಲ್ಲ. ಹತ್ತು ಹೆಜ್ಜೆಗೊಬ್ಬರು ಸಿಕ್ಕು, ಶಾಲೆಯಲ್ಲಿ ತಮ್ಮ ಮಗ ಓದುತ್ತಾನೋ ಇಲ್ಲವೋ ಎಂದು ನಿಲ್ಲಿಸಿ ಕೇಳುತ್ತಿದ್ದರು. ಒಂದು ದಿನ ಊಟಕ್ಕೆ ಕುಳಿತಾಗ, ತಪ್ಪು ಒಪ್ಪಿಕೊಳ್ಳುವವರ ಹಾಗೆ ಮೆಲ್ಲಗೆ ಅಂದರು:

"ಒಂದ್ ಸೈಕಲ್ ತಗೊಂಡ್ರ ಹೆಂಗ? ರವಿವಾರ ಊರಿಗಿ ಹ್ವಾದಾಗ ಮಾಳದಾಗ ಸುಮ್ನ ತಿರಗಾಡಬೌದು."

"ಸುಮ್ನ ಅಂದ್ರ?"

"ಸುಮ್ನ ಅಂದ್ರ ಸುಮ್ನ. ಅದಕ್ಕೂ ಅರ್ಥ ಕೇಳ್ತಿ ಏನ?"

ಊರು ಎಂದರೆ ಸನಮಡಿ. ನಮ್ಮದು ಕುರಿ ಕಾಯುತ್ತಿದ್ದ ಮನೆತನ. ಈಗ ಪವನಚಕ್ಕಿಗಳು ತಿರುಗುವ ಆ ಮಾಳದಲ್ಲಿ ಅಪ್ಪ ಹುಡುಗರಾಗಿದ್ದಾಗ ಕುರಿಗಳ ಹಿಂದೆ ಓಡಿದವರು. ಕೆಲಸವಿಲ್ಲದೆ ಅಲ್ಲಿಗೆ ಹೋದದ್ದು ಒಮ್ಮೆಯೂ ಇಲ್ಲವಂತೆ. ಊರಿನಲ್ಲಿ ಈಗ ಆಯಿ ಮತ್ತು ಕಾಕಾನ ಸಂಸಾರ ಇದೆ. ಜತ್ತದಲ್ಲಿ ನಾವಿರುವುದು ಮಾಳಿಗೆಯ ಮೇಲಿನ ಎರಡು ಕೋಣೆಗಳಲ್ಲಿ. ಊರಿಗೆ ಹೋಗುವುದು ವಡಾಪ್ ಜೀಪಿನಲ್ಲಿ, ಜನ ತುಂಬಿದ ಹೊರತು ಹೊರಡದ ಜೀಪು. ಕಿರಿದಾದ ಮೆಟ್ಟಿಲನ್ನೂ ಹತ್ತಬೇಕು, ಜೀಪಿನ ಹಿಂದಿನ ಸೀಟಿನ ಸಂದಿಯಲ್ಲೂ ಕೂರಬೇಕು, ಬೆಲೆಯೂ ಮಾಸ್ತರರ ಕೈಗೆ ಎಟುಕಬೇಕು. ಹಾಗಾಗಿ ಮಡಚುವ ಸೈಕಲ್ಲೇ ಆಗಬೇಕಿತ್ತು, ಅದರಲ್ಲೂ ಅಗ್ಗದ್ದು.

ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ ವಿಡಿಯೋಗಳನ್ನು ನೋಡಿದೆ. ಒಂದರಲ್ಲಿ, ಯಾವುದೋ ದೇಶದ ರಸ್ತೆಯಲ್ಲಿ, ಒಬ್ಬ ಮನುಷ್ಯನ ಸೈಕಲ್ಲು ಓಡುತ್ತಿರುವಾಗಲೇ ನಡುವೆ ಬಿಚ್ಚಿಕೊಂಡು ಪುಸ್ತಕದ ಹಾಗೆ ಮುಚ್ಚಿಕೊಂಡಿತು. ಅದನ್ನು ಎಷ್ಟು ಸಲ ನೋಡಿದೆನೋ ಗೊತ್ತಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅವ್ವ ಸೈಕಲ್ಲೇ ಬೇಡ ಎನ್ನುತ್ತಿದ್ದಳು, ಅಪ್ಪನ 'ಸುಮ್ನ' ಅಲ್ಲಿಗೇ ನಿಲ್ಲುತ್ತಿತ್ತು.

ಮಿರಜಿನ ಅಂಗಡಿಯೊಂದಕ್ಕೆ ಹೋದೆವು. ಮಾಲೀಕರು ಬಿಳಿ ಗಡ್ಡದ ಮುಸಲ್ಮಾನ ಹಿರಿಯರು, ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದರು. ಮಡಚುವ ಸೈಕಲ್ಲುಗಳು ಎರಡು ಇದ್ದವು, ಎರಡಕ್ಕೂ ಸಣ್ಣ ಗಾಲಿ. ಅಗ್ಗದ್ದರಲ್ಲಿ ನಡುವಿನ ಕೀಲನ್ನು ಬಿಗಿಯುವ ಹಿಡಿ ಹೊರಗಿತ್ತು, ಕೊಳವೆಯ ಪಕ್ಕಕ್ಕೆ ಒತ್ತಿ ಕೂರುವಂಥದ್ದು. ದುಬಾರಿಯದರಲ್ಲಿ ಹಿಡಿ ಕೀಲಿನ ಒಳಗೇ ಅಡಗುತ್ತಿತ್ತು.

"ಗುರುಜಿ, ಇದನ್ನ ಒಯ್ರಿ," ಎಂದು ಅವರು ದುಬಾರಿಯದನ್ನು ಮುಂದಕ್ಕೆ ತಂದರು.

"ಯಾಕ್ರಿ? ಅದು ಮುರಿತೈತೇನು?" ಎಂದೆ ನಾನು.

"ಮುರಿಯಂಗಿಲ್ಲ ತಂಗಿ."

"ಅಪ್ಪನ ವಜನ ತಾಳಂಗಿಲ್ಲೇನು?"

"ಆರಾಮ ತಾಳತೈತಿ."

"ಹಂಗಾರ ಹೆಚ್ಚಿನ ರೊಕ್ಕ ಯಾತಕ್ರಿ? ಬಣ್ಣಕ್ಕೇನು?"

ಅವರು ಅಪ್ಪನ ಕಡೆ ತಿರುಗಿ ನಕ್ಕರು. "ಇಕಿಗಿ ವಕೀಲಕಿ ಓದಸ್ರಿ ಗುರುಜಿ. ಖರೇ ಅಂದ್ರ ನನ್ನ ಅಂಗಡಿ ಬಂದ್ ಮಾಡಸಾಕ ಬಂದಾಳ." ಆಮೇಲೆ ಅಗ್ಗದ್ದನ್ನೇ ಹೊರಗೆಳೆದು ಹಿಡಿಯನ್ನು ಹಾಕಿ ತೋರಿಸಿದರು. "ಗೆದ್ದಿ ಬಿಡು. ಒಂದ್ ಮಾತ್ ನೆನಪಿಡ್ರಿ. ಹಿಡಿ ಹಾಕಿದಾಗ ಖಟ್ ಅನ್ನಬೇಕು, ಈ ಸಣ್ಣ ಕೊಂಡಿ ತಾನ ಬೀಳಬೇಕು. ನಡುವ ಅರಬಿ ಚಿಂದಿ, ಕಸ, ಏನಾರ ಸಿಕ್ತಂದ್ರ ಹಾಕಿದಂಗ ಕಾಣತೈತಿ, ಹಾಕಿರಂಗಿಲ್ಲ. ಆ ದುಬಾರಿದ್ರಾಗ ಹಂಗ ಸಿಗಾಕ ಜಾಗಾನ ಇಲ್ಲ. ಇಷ್ಟ ಫರಕ."

ಅವರ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಗೆದ್ದೆ ಎನಿಸಿಕೊಂಡ ಮೇಲೆ ಎದುರಿನವರು ಏನು ಹೇಳಿದರೂ ಅದು ಸೋತವರ ಸಮಾಧಾನ ಎಂದು ಕೇಳುವ ಅಭ್ಯಾಸ ನನಗೆ ಬಿದ್ದುಬಿಟ್ಟಿದೆ.

ಮೊದಲ ಭಾನುವಾರ ನಾನೂ ಸನಮಡಿಗೆ ಹೋದೆ. ಅಪ್ಪ ಅಂಗಳದಲ್ಲಿ ಸೈಕಲ್ಲನ್ನು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. ಆಯಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೀಲಿನ ಮೇಲೆ ಕೈಯಿಟ್ಟು ಬೆರಗಾದಳು.

"ಅಯ್ಯ, ಇದಕ್ಕ ನಡಾ ಐತಲ್ಲೋ!"

ನಡ ಎಂದರೆ ಸೊಂಟ. ನಮ್ಮ ಮನೆಯಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಆಯಿ ಕರಿ ಕುರಿಯ ಉಣ್ಣೆಯನ್ನು ಕೈಯಲ್ಲೇ ಹೊಸೆದು ಸೊಂಟಕ್ಕೆ ಉಡದಾರ ಕಟ್ಟುತ್ತಾಳೆ, ದೃಷ್ಟಿ ತಾಗಬಾರದೆಂದು. ಕಾಕಾನ ಮೋಟರ್‌ಸೈಕಲ್ಲಿಗೆ ಎಂದೂ ಕಟ್ಟಿದವಳಲ್ಲ. ಅದಕ್ಕೆ ನಿಂಬೆಹಣ್ಣು ಸಾಕಾಗಿತ್ತು. ಇದು ಮಾತ್ರ ನಡು ಬಗ್ಗಿಸುವ ಗಾಡಿ. "ನಡಾ ಇದ್ದದ್ದಕ್ಕ ಉಡದಾರ ಬೇಕ" ಎಂದು ಒಳಗೆ ಹೋಗಿ ಉಣ್ಣೆ ತಂದು, ಹೊಸೆದು, ಕೀಲಿನ ಪಕ್ಕದಲ್ಲೇ ಎರಡು ಗಂಟು ಹಾಕಿ ಕಟ್ಟಿಬಿಟ್ಟಳು. ಒಪ್ಪಿಕೊಳ್ಳಲೇಬೇಕು, ಅವಳ ತರ್ಕದಲ್ಲಿ ಬಿರುಕಿರಲಿಲ್ಲ.

"ಯಾರ ಆರಿಸಿದ್ರು ಇದನ್ನ?"

"ನಿನ್ನ ಮೊಮ್ಮಗಳ, ಯವ್ವ," ಎಂದರು ಅಪ್ಪ.

ಆಯಿ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. "ಶ್ಯಾಣ್ಯಾ ಐತಿ ನನ್ನ ಕೂಸ. ಬರೇ ಬಾಯಿ ಅಷ್ಟ ಅಲ್ಲ."

ಆಯಿಯ ಜೊತೆ ನಾನು ಗೂಬೆಯ ಬಗ್ಗೆ ವಾದ ಮಾಡಿದ್ದೇನೆ, ಗ್ರಹಣದ ಬಗ್ಗೆ ಮಾಡಿದ್ದೇನೆ, ಅಮಾವಾಸ್ಯೆಯ ಪ್ರಯಾಣದ ಬಗ್ಗೆ ಊಟ ಬಿಟ್ಟು ವಾದ ಮಾಡಿದ್ದೇನೆ. ಅವತ್ತು ಮಾಡಲಿಲ್ಲ. ಹೊಗಳಿಕೆ ಹಿತವಾಗಿತ್ತು. ಸಂಜೆ ಜೀಪಿಗಾಗಿ ಸೈಕಲ್ಲು ಮಡಚುವಾಗ ದಾರ ಜಾರಿ ಕೀಲಿನ ಬಾಯಿಗೆ ಬಂತು. ಅಪ್ಪ ಬೆರಳಿನಿಂದ ಅದನ್ನು ಮುಂದಕ್ಕೆ ಸರಿಸಿದರು.

"ಅಪ್ಪಾ, ಜತ್ತಕ್ಕ ಹ್ವಾದಮ್ಯಾಲ ಇದನ್ನ ಕತ್ತರಿಸಿಬಿಡೂನ್ರಿ."

"ಇರಲಿ ಬಿಡವಾ. ಸರಸಿದ್ರ ಆತು."

"ಮರತ್ರ?"

"ಮರಿಯಾಕ ನಾ ಏನ್ ನಿನ್ನಂಗ ವಿದ್ಯಾರ್ಥಿ ಏನ?"

ನಾನೂ ನಕ್ಕೆ. ಅಲ್ಲಿಗೆ ಮುಗಿಯಿತು.

ಮುಗಿದದ್ದು ಅವರಿಗೆ. ನಾನು ಪರೀಕ್ಷೆಯ ಓದಿಗೆಂದು ಜತ್ತದಲ್ಲೇ ಉಳಿಯುತ್ತಿದ್ದೆ. ಭಾನುವಾರ ಬೆಳಿಗ್ಗೆ ಸನಮಡಿಯಲ್ಲಿ ಅವರು ಸೈಕಲ್ಲೇರುವ ಹೊತ್ತಿಗೆ ಫೋನು ಮಾಡುತ್ತಿದ್ದೆ. "ಖಟ್ ಅಂತೇನ್ರಿ?" ಎಂದರೆ "ಅಂತು, ಅಂತು" ಎನ್ನುತ್ತಿದ್ದರು. ತಮಾಷೆಗೆ ಶುರುವಾದದ್ದು ಮೂರನೆಯ ವಾರಕ್ಕೆ, ಕೇಳದಿದ್ದರೆ ಓದು ತಲೆಗೆ ಹತ್ತುವುದಿಲ್ಲ ಎನ್ನುವಷ್ಟಾಯಿತು. ದೃಷ್ಟಿದಾರವನ್ನು ನಂಬದ ನಾನು ಒಂದು ಫೋನನ್ನು ನಂಬಿ ಕೂತಿದ್ದೆ. ಸಂಜೆ ಬಂದ ಅಪ್ಪನ ಮುಖ ಮಾತ್ರ ಬೇರೆಯೇ ಆಗಿರುತ್ತಿತ್ತು. ದಾರಿಯಲ್ಲಿ ಜನ "ಎಲ್ಲಿಗಿ ಹೊಂಟ್ರಿ ಗುರುಜಿ?" ಎಂದು ಕೇಳುತ್ತಾರಂತೆ, ಸುಮ್ಮನೆ ಎಂದರೆ ಯಾರೂ ನಂಬುವುದಿಲ್ಲವಂತೆ, ಹಾಗಾಗಿ "ಬಾವಿ ನೋಡಾಕ" ಎನ್ನುತ್ತಾರಂತೆ. "ಊರಾಗಿನ ಬಾವಿ ಎಲ್ಲಾ ಮುಗದು ನೋಡ. ಮುಂದಿನ ವಾರ ಯಾವ ಸುಳ್ಳ ಹೇಳ್ಲಿ?" ಎಂದು ಚಿಕ್ಕ ಹುಡುಗನ ಹಾಗೆ ನಗುತ್ತಿದ್ದರು.

ಐದನೆಯ ಭಾನುವಾರ ಫೋನು ಎತ್ತಲಿಲ್ಲ. ಮಾಳದಲ್ಲಿ ರೇಂಜ್ ಇಲ್ಲ ಎಂದುಕೊಂಡೆ. ಆದರೆ ಹೋದ ವಾರ ಅಲ್ಲಿಂದಲೇ ಮಾತಾಡಿದ್ದರು. ಫೋನು ಮನೆಯಲ್ಲಿ ಬಿಟ್ಟಿದ್ದಾರೆ ಎಂದುಕೊಂಡೆ; ಹಾಗಿದ್ದರೆ ಆಯಿ ಎತ್ತಬೇಕಿತ್ತು. ನನ್ನ ಪ್ರತಿ ಸಮಾಧಾನಕ್ಕೂ ನನ್ನಲ್ಲೇ ಉತ್ತರ ಸಿದ್ಧವಿತ್ತು. ಏಳನೆಯ ಸಲ ಮಾಡಿದಾಗ ಕಾಕಾ ಎತ್ತಿದ.

"ಏನಾಗಿಲ್ಲ, ಗಾಬರಿ ಆಗಬ್ಯಾಡ," ಎಂದ. ಆ ಮಾತು ಕೇಳಿದ್ದೇ ಅವ್ವನನ್ನು ಕೂಗಿದೆ.

ಮುಂಗೈ ಮುರಿದಿತ್ತು, ಮೊಣಕಾಲು ತರಚಿತ್ತು, ಅಷ್ಟೇ. ಅಪ್ಪನನ್ನು ಜತ್ತಕ್ಕೆ ಕರೆತಂದು ಪ್ಲಾಸ್ಟರ್ ಹಾಕಿಸಿದೆವು. ಮರುದಿನ ಆಯಿಯೂ ಬಂದಳು, ಸೈಕಲ್ಲೂ ಅದೇ ಜೀಪಿನಲ್ಲಿ ಬಂತು. ಒಳಗೆ ಆಯಿ ಬಂದವರಿಗೆ ದಾರದ ಮಹಿಮೆ ಹೇಳುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕುಳಿತು ಸೈಕಲ್ಲನ್ನು ನೋಡಿದೆ. ಕೀಲಿನ ಬಾಯಿಯಲ್ಲಿ, ಹಿಡಿ ಒತ್ತುವ ಜಾಗದಲ್ಲೇ, ಕರಿ ಉಣ್ಣೆ ಜಜ್ಜಿ ಚಪ್ಪಟೆಯಾಗಿ ಅಂಟಿಕೊಂಡಿತ್ತು. ದಾರ ಸಿಕ್ಕಿ ಹಿಡಿ ಪೂರ್ತಿ ಕೂತಿಲ್ಲ, ಕೊಂಡಿ ಬಿದ್ದಿಲ್ಲ, ಇಳಿಜಾರಿನ ಕಲ್ಲುಗಳಿಗೆ ಕುಲುಕಿ ಬಿಚ್ಚಿಕೊಂಡಿದೆ. ಇಷ್ಟು ಗಟ್ಟಿ ಸಾಕ್ಷಿ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಎದ್ದು ನಿಂತೆ. ಆಗ ಹೊಳೆಯಿತು: ದುಬಾರಿಯದರಲ್ಲಿ ಉಣ್ಣೆ ಸಿಗಲು ಜಾಗವೇ ಇರಲಿಲ್ಲ. ಆಯಿಯತ್ತ ನಾನು ತೋರಿಸುವ ಬೆರಳು ಅಂಗಡಿಯಲ್ಲಿ ನಿಂತು 'ಬಣ್ಣಕ್ಕೇನು' ಎಂದು ಕೇಳಿದವಳನ್ನೂ ತೋರಿಸುತ್ತಿತ್ತು.

ಬಾಗಿಲಲ್ಲಿ ಅಪ್ಪ ನಿಂತಿದ್ದರು, ಕೈ ಕೊರಳಿಗೆ ಕಟ್ಟಿಕೊಂಡು.

"ಆಕಿಗಿ ಹೇಳಬ್ಯಾಡ," ಎಂದರು ತಗ್ಗಿದ ದನಿಯಲ್ಲಿ.

"ಅಂದ್ರ ನಿಮಗ ಗೊತ್ತೈತಿ."

"ಎಂಬತ್ತರ ಹತ್ರ ಬಂದಾಳ. ಮಗನ್ನ ತಾನ ಬೀಳಸಿದೆ ಅಂತ ಆಕಿ ತಿಳಕೊಳ್ಳೂದು ಬ್ಯಾಡ. ಉಳಸಿದೆ ಅಂತ ತಿಳದ್ರ ಯಾರ ಗಂಟ ಏನ ಹೋಗತೈತಿ?"

"ದಾರ ಯಾಕ ಸರಸಲಿಲ್ರಿ ಅವತ್ತ? ಮರತ್ರೇನು?"

ಅಪ್ಪ ಸೈಕಲ್ಲಿನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ಎದುರಿಗೇ ನಿಂತಿದ್ಲು. ಸರಸಾಕ ಕೈ ಹಚ್ಚಿದೆ. 'ಯಾಕೋ, ಬ್ಯಾಡಾತೇನ್ ನನ್ನ ದಾರಾ?' ಅಂದ್ಲು. ಚೇಷ್ಟಿಗೇ ಅಂದ್ಲು. ನಾ ಕೈ ತಗದೆ."

ಈ ಕಥೆ ಇವತ್ತಿಗೂ ಮನೆಯಲ್ಲಿ ಮೊದಲಿನ ಹಾಗೆಯೇ ನಡೆಯುತ್ತಿದೆ. ಆಯಿ ಊರಿಗೆ ಮರಳಿದ್ದಾಳೆ, ದಾರದ ನಿಜವನ್ನು ನಾನು ಬಾಯಿಬಿಟ್ಟಿಲ್ಲ. ಅಪ್ಪನ ಪ್ಲಾಸ್ಟರ್ ಬಿಚ್ಚಿ ಹದಿನೈದು ದಿನವಾಯಿತು, ಮುಂಗೈ ಮೊದಲಿನಷ್ಟಲ್ಲದಿದ್ದರೂ ತಿರುಗುತ್ತದೆ. ಸೈಕಲ್ಲು ದುರಸ್ತಿಯಾಗಿದೆ, ಜಜ್ಜಿದ ದಾರ ಈಗ ಅದರಲ್ಲಿಲ್ಲ. ಮಿರಜಿನಲ್ಲಿ ಆ ದುಬಾರಿಯದನ್ನು ಮತ್ತೆ ವಿಚಾರಿಸೋಣ ಎಂದೆ. ಇದೇ ಸಾಕು, ರೂಢಿಯಾಗಿದೆ ಎಂದರು. ಇವತ್ತು ಶನಿವಾರ. ಚಹಾ ಕುಡಿಯುತ್ತ, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಅಂದರು: "ನಾಳಿ ಊರಿಗಿ ಹೋಗ್ತೀನಿ. ಸುಮ್ನ ಒಂದ್ ಸುತ್ತ ಹಾಕಿ ಬರ್ತೀನಿ."

ನಾನು ಲೋಟ ಕೆಳಗಿಟ್ಟೆ. ಎದುರಾಳಿಯನ್ನು ಸಿಕ್ಕಿಸಲು ಕೇಳುವ ಪ್ರಶ್ನೆಗಳು ನನಗೆ ನೂರು ಬರುತ್ತವೆ. ಇದು ಆ ಜಾತಿಯದಲ್ಲ. ಉತ್ತರ ಗೊತ್ತಿಲ್ಲದೆ, ಉತ್ತರಕ್ಕೆ ಹೆದರಿ ಕೇಳಿದ್ದು.

"ಅಪ್ಪಾ, ನಾಳಿ ಆಯಿ ಮತ್ತ ಉಣ್ಣಿ ಹಿಡಕೊಂಡು ಅಂಗಳಕ್ಕ ಬಂದ್ರ, ಏನ್ ಮಾಡ್ತೀರಿ?"