ಖಾಲಿ ಕೊಡಬಾರದೆಂದು ಇಟ್ಟುಕೊಂಡ ಬುಟ್ಟಿ

ಇವತ್ತು ಬೆಳಿಗ್ಗೆ, ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ರೇಣುಕಾ ಬಿಸಿ ಉಪ್ಪಿಟ್ಟಿನ ಡಬ್ಬಿ ಹಿಡಿದು ಬಂದಳು. ಅವಳ ಗಂಡನಿಗೆ ಇಲ್ಲೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಅವನ ಬುತ್ತಿ ಕಟ್ಟಿ ಉಳಿದದ್ದರಲ್ಲಿ ನನಗೂ ಒಂದು ಪಾಲು. "ಡಬ್ಬಿ ಸಾವಕಾಶ ಕೊಡ್ರಿ ಅಕ್ಕಾರ, ಅವಸರೇನಿಲ್ಲ," ಎಂದು ಮೆಟ್ಟಿಲು ಹತ್ತಿ ಹೋದಳು. ಅವಸರವಿಲ್ಲ ಎಂದು ಯಾರಾದರೂ ಹೇಳಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನನ್ನ ಅಡುಗೆಮನೆಯ ಗೂಟಕ್ಕೆ ಮುಚ್ಚಳವಿರುವ ಸಣ್ಣ ಬಿದಿರಿನ ಬುಟ್ಟಿಯೊಂದು ತೂಗುತ್ತಿದೆ. ಅದು ನನ್ನದಲ್ಲ, ಥಾಯ್ಲೆಂಡಿನ ಪಾ ನೊಯ್ ಎಂಬಾಕೆಯದು. ಅಲ್ಲಿ ಪಾ ಎಂದರೆ ದೊಡ್ಡಮ್ಮ.

ಧಾರವಾಡದ ಹುಡುಗರಿಗೆ ಇಂಗ್ಲಿಷ್ ಕಲಿಸಿದ್ದು ಸಾಲದೆಂಬಂತೆ, ಕೆಲವು ವರ್ಷಗಳ ಹಿಂದೆ ಅಲ್ಲಿನ ಸಣ್ಣ ಊರೊಂದರ ಶಾಲೆಗೆ ಒಂದು ವರ್ಷದ ಮಟ್ಟಿಗೆ ಹೋಗಿದ್ದೆ. ಏನು ಕಲಿಸಿದೆನೋ ದೇವರೇ ಬಲ್ಲ. ವರ್ಷ ಮುಗಿಯುವ ಹೊತ್ತಿಗೆ ಇಡೀ ತರಗತಿ ಎದ್ದು ನಿಂತು "ಗುಡ್ ಮಾರ್ನಿಂಗ್ ರೀ" ಎನ್ನುತ್ತಿತ್ತು. ನನ್ನ ಸಂಸಾರವೆಂದರೆ ಒಂದು ಕೋಣೆ, ಒಂದು ಗ್ಯಾಸಿನ ಒಲೆ, ಹುಬ್ಬಳ್ಳಿಯಿಂದ ಹೊತ್ತೊಯ್ದ ಕಬ್ಬಿಣದ ಹಂಚು, ಐದು ಕಿಲೋ ಜೋಳದ ಹಿಟ್ಟು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಆ ಹಂಚನ್ನು ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ನನ್ನನ್ನೂ ಹಾಗೆಯೇ ನೋಡಿದ.

ಮೀನು ಸೋಕದ ಊಟ ಆ ಊರಿನಲ್ಲಿ ಸಿಗುವುದು ಕಷ್ಟ. ನನ್ನ ಈ ಫಜೀತಿ ಪಕ್ಕದ ಮನೆಯ ಪಾ ನೊಯ್‌ಗೆ ಎರಡೇ ದಿನದಲ್ಲಿ ತಿಳಿಯಿತು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಅವಳ ಮಾತು ಬಾರದು. ಆದರೂ ಹಸಿ ಪಪ್ಪಾಯಿಯ ಪಚಡಿ ಕುಟ್ಟಲು ನನಗೆಂದೇ ಬೇರೊಂದು ಒರಳು ತಂದಿಟ್ಟಳು. ಒಂದು ಸಂಜೆ ಈ ಬುಟ್ಟಿಯ ತುಂಬ ಬಿಸಿ ಬಿಸಿ ಅಂಟು ಅನ್ನ ತಂದು ಕೊಟ್ಟಳು. ಬುಟ್ಟಿಯನ್ನು ಯಾವಾಗ ಬೇಕಾದರೂ ಕೊಡು, ಅವಸರವಿಲ್ಲ ಎಂದು ಕೈಸನ್ನೆಯಲ್ಲೇ ಹೇಳಿದಳು.

ನಮ್ಮ ಕಡೆ ಮಂದಿ ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿ ಕೊಡುವುದುಂಟೆ? ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಆದರೆ ನಾನು ಪಾ ನೊಯ್‌ಗೆ ಫೋನಿನಲ್ಲಿ ಫೋಟೋ ತೋರಿಸಿ, ಬರಿಗೈಯಲ್ಲಿ ಗಾಳಿಯಲ್ಲೇ ಬಡಿದು ತೋರಿಸಿ, ನಮ್ಮ ಜೋಳದ ರೊಟ್ಟಿಯ ಜಂಬ ಕೊಚ್ಚಿಕೊಂಡಿದ್ದೆ. ಇನ್ನು ಸಕ್ಕರೆ ಕೊಟ್ಟರೆ ಹೇಗೆ? ರೊಟ್ಟಿಯೇ ಆಗಬೇಕು. ಬಡಿಯಲು ಕೂತರೆ ಅಂಚಿನಿಂದ ಬಿರುಕು ಬಿಟ್ಟು, ಹಂಚಿಗೆ ಹಾಕುವಷ್ಟರಲ್ಲಿ ನಾಲ್ಕು ತುಂಡು.

ಊರಿಗೆ ಫೋನು ಮಾಡಿದೆ. "ಹಿಟ್ಟು ಹಳೇದಾಗೇತಿ, ಜಿಗಿ ಹೋಗೇತಿ. ಸುಡು ನೀರು ಹಾಕಿ ನಾದವಾ," ಎಂದಳು ಅವ್ವ. ನಾದಿದೆ. ಆರು ತುಂಡಾಯಿತು. "ತಡಿ, ಹೊಸಾ ಹಿಟ್ಟು ಕಳಸ್ತೇನಿ. ಈಗ ಸಕ್ಕರಿ ಹಾಕಿ ಕೊಟ್ಟಬಿಡು." ಅವ್ವನ ಮಾತಿನಲ್ಲಿ ಮೊದಲರ್ಧವನ್ನಷ್ಟೇ ಕೇಳುವುದು ನನ್ನ ಹಳೆಯ ಚಾಳಿ. ಮುರಿದ ರೊಟ್ಟಿಗಳನ್ನು ಬಾಗಿಲು ಹಾಕಿಕೊಂಡು ಒಬ್ಬಳೇ ತಿಂದು, ಹೊಸ ಹಿಟ್ಟಿನ ದಾರಿ ಕಾಯುತ್ತ ಕೂತೆ.

ತಿಂಗಳುಗಳು ಕಳೆದವು. ಪಾ ನೊಯ್ ಮತ್ತೆ ಅನ್ನ ತರಲಿಲ್ಲ. ಎದುರಾದರೆ ನಗುತ್ತಿದ್ದಳು, ಆದರೆ ನಿಲ್ಲುತ್ತಿರಲಿಲ್ಲ. ಒಂದು ದಿನ ನನ್ನ ಜೊತೆ ಕಲಿಸುತ್ತಿದ್ದ ಅಲ್ಲಿಯ ಟೀಚರ್ ಮೆಲ್ಲಗೆ ಹೇಳಿದಳು: "ಪಾ ನೊಯ್ ಕೇಳುತ್ತಿದ್ದರು, ಬುಟ್ಟಿ ತಿರುಗಿ ಬರಲಿಲ್ಲ, ತಮ್ಮ ಅಡುಗೆ ನಿಮಗೆ ಸೇರಲಿಲ್ಲವೇ ಎಂದು."

ಆ ಸಂಜೆಯೇ ಓಡಿಹೋಗಿ ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನಾನು ಮಾಡಿದ್ದೇನು? ಇನ್ನೆರಡು ವಾರ, ಹಿಟ್ಟು ಬಂದೇ ಬರುತ್ತದೆ ಎಂದುಕೊಂಡೆ. ಆ ಪಾರ್ಸೆಲ್ ಬರಲೇ ಇಲ್ಲ. ಹೊರಡುವ ದಿನ ಕೊನೆಗೂ ಸಕ್ಕರೆ ತುಂಬಿಕೊಂಡು ಹೋದರೆ ಬಾಗಿಲಿಗೆ ಬೀಗ. ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೋಗಿದ್ದಳಂತೆ. ಬುಟ್ಟಿಯನ್ನು ಹೊಸ್ತಿಲಲ್ಲಿ ಇಟ್ಟು ಬರಬಹುದಿತ್ತು. ಇರುವೆ ಮುತ್ತುತ್ತವೆ ಎಂದು ಇಡಲಿಲ್ಲ. ನೋಡಿ, ಆಗಲೂ ನನಗೊಂದು ನೆಪ ಸಿಕ್ಕಿತು.

ಧಾರವಾಡಕ್ಕೆ ಬಂದ ಮೇಲೆ, ಒಣಗಿಸಿದ್ದರಿಂದ ಬಹುದಿನ ಕೆಡದ ಕಟಕ ರೊಟ್ಟಿ ತುಂಬಿ ಅಂಚೆಯಲ್ಲಿ ಕಳಿಸೋಣವೆಂದುಕೊಂಡೆ. ಈ ವಾರ, ಮುಂದಿನ ವಾರ ಎನ್ನುವಷ್ಟರಲ್ಲಿ ಆ ಟೀಚರಿಂದ ಸುದ್ದಿ ಬಂತು, ಪಾ ನೊಯ್ ತೀರಿಕೊಂಡರೆಂದು. ಅವಳ ಅನ್ನವನ್ನು ಬುಟ್ಟಿಯ ತಳಕ್ಕೆ ಅಂಟಿದ ಅಗುಳೂ ಬಿಡದಂತೆ ತಿಂದಿದ್ದೆ. ಅದು ಅವಳಿಗೆ ತಿಳಿಯಲೇ ಇಲ್ಲ. ಆ ಸಂಕಟ ಇವತ್ತಿಗೂ ಕಡಿಮೆಯಾಗಿಲ್ಲ.

ಉಪ್ಪಿಟ್ಟು ತಿಂದು ಡಬ್ಬಿ ತೊಳೆದೆ. ಮನೆಯಲ್ಲಿದ್ದದ್ದು ತಿಂಗಳ ಹಿಂದೆ ಗಿರಣಿಯಿಂದ ತಂದ ಹಿಟ್ಟು. ಇರಲಿ ಎಂದು ಬಡಿದೆ; ಮುರಿಯಿತು. ಆ ತುಂಡುಗಳನ್ನೇ ಡಬ್ಬಿಗೆ ತುಂಬಿ, ಮೇಲೊಂದಿಷ್ಟು ಶೇಂಗಾ ಚಟ್ನಿ ಹಾಕಿ ಮೆಟ್ಟಿಲು ಹತ್ತಿದೆ.

"ಇಷ್ಟ ಲಗೂ ಯಾಕ ತಂದ್ರಿ?" ಎಂದಳು ರೇಣುಕಾ.

"ತಗೋವಾ. ರೊಟ್ಟಿ ಎಲ್ಲಾ ಮುರದಾವ, ಏನೂ ತಿಳಕೋಬ್ಯಾಡ."

ಅವಳು ಅಲ್ಲೇ ನಿಂತು ಒಂದು ತುಂಡಿಗೆ ಚಟ್ನಿ ಹಚ್ಚಿ ಬಾಯಿಗಿಟ್ಟಳು. "ಮುರದರ ಏನಾತ್ರಿ ಅಕ್ಕಾರ? ಹೆಂಗಿದ್ರೂ ಮುರಕೊಂಡ ತಿನ್ನೋದಲ್ಲೇನ್ರಿ?"

ನಗಲು ಹೋಗಿ ಅತ್ತುಬಿಟ್ಟೆ. ಪಾಪ, ಹುಡುಗಿ ಗಾಬರಿಯಾಗಿ ನೀರು ತರಲು ಒಳಗೆ ಓಡಿದಳು.

ಕೆಳಗೆ ಬಂದು ಗೂಟದ ಬುಟ್ಟಿಯನ್ನು ಇಳಿಸಿ, ಧೂಳು ಒರೆಸಿ, ಉಳಿದ ತುಂಡುಗಳನ್ನು ಅದಕ್ಕೆ ತುಂಬಿದೆ. ಸರಿಯಾಗಿ ಹಿಡಿಸಿದವು. ಕೊಡಬೇಕಾದವಳು ಇಲ್ಲ.